ಪಾದದಾಹ ಮತ್ತು ಪಾದಸುಪ್ತಿ: ಶಸ್ತ್ರವಿಲ್ಲದ ಚಿಕಿತ್ಸೆಯ ಚರಿತ್ರೆಯಲ್ಲಿ ಎರಡು ಪ್ರಕರಣಗಳು

ಚರಕಸಂಹಿತೆಯ ಸೂತ್ರಸ್ಥಾನದ 20ನೆಯ ಅಧ್ಯಾಯದಲ್ಲಿ 80 ವಾತವಿಕಾರಗಳನ್ನು ಹೆಸರಿಸಿರುವುದು ವಿದ್ವಾಂಸರಿಗೆ ತಿಳಿದ ವಿಷಯವೇ. ಆ ಪಟ್ಟಿಯು ತಲೆಯಿಂದ ಮೊದಲಾಗದೆ ಕಾಲಿನಿಂದ ಮೊದಲಾಗುತ್ತದೆಂಬುದು ಗಮನಿಸತಕ್ಕದ್ದು. ನಖಭೇದ, ವಿಪಾದಿಕಾ, ಪಾದಶೂಲ, ಪಾದಭ್ರಂಶ, ಪಾದಸುಪ್ತತಾ ಎಂದು ಉಗುರಿನಿಂದ ಹೊರಟು ಅದು ಮೇಲಕ್ಕೇರುವುದು. ಸುಶ್ರುತನು ನಿದಾನಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ಇನ್ನೂ ಸೂಕ್ಷ್ಮವಾಗಿ ವಿಂಗಡಿಸುತ್ತಾನೆ. ಹೆಜ್ಜೆಯನ್ನು ಓರೆಕೋರೆಯಾಗಿ ಇಟ್ಟುದರಿಂದ ಹರಡಿನ ಎಡೆಯಲ್ಲಿ ಹುಟ್ಟುವ ನೋವು ವಾತಕಂಟಕ; ಉರಿಯುವ ಪಾದ ಪಾದದಾಹ; ಜುಮುಗುಟ್ಟಿ ನಿದ್ದೆಹೋದಂತಾಗುವ ಪಾದ ಪಾದಹರ್ಷ. ಈ ಹೆಸರುಗಳನ್ನೆಲ್ಲ ‘ಕಾಲುನೋವು’ ಎಂಬ ಒಂದೇ ಮಾತಿನಲ್ಲಿ ಅಡಗಿಸಿ ಅರ್ಥ ಹೇಳಿಬಿಡುವುದು ಸುಲಭ. ಹಾಗೆ ಮಾಡಿದರೆ ಕಳೆದುಹೋಗುವುದೇನೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ. ಉರಿಯುವ ಕಾಲಿನ ಚರಿತ್ರೆ ಬೇರೆ, ಅರಿವಿಲ್ಲದ ಕಾಲಿನ ಚರಿತ್ರೆ ಬೇರೆ.

ಪ್ರಾಚೀನರ ಚಿಕಿತ್ಸೆಯನ್ನು ಮೊದಲು ನೋಡೋಣ. ಸುಶ್ರುತನು ಶಲ್ಯತಂತ್ರದವನಾದುದರಿಂದ ಪಾದದಾಹ, ಪಾದಹರ್ಷ, ವಾತಕಂಟಕಗಳಲ್ಲಿ ಸಿರಾವೇಧವನ್ನು ವಿಧಿಸುತ್ತಾನೆ. ಕ್ಷಿಪ್ರಮರ್ಮದಿಂದ ಎರಡು ಅಂಗುಲ ಮೇಲೆ ವ್ರೀಹಿಮುಖವೆಂಬ ಶಸ್ತ್ರದಿಂದ ಸಿರೆಯನ್ನು ಚುಚ್ಚಬೇಕೆಂದು ಸ್ಥಳವನ್ನೂ ನಿರ್ದೇಶಿಸಿದ್ದಾನೆ. ಚರಕನ ಮಾರ್ಗ ದಿನಚರಿಯ ಮಾರ್ಗ. ಪಾದಗಳಿಗೆ ಎಣ್ಣೆಯನ್ನು ತಿಕ್ಕುವುದರಿಂದ ಒರಟುತನ, ಬಿಗಿತ, ಬಳಲಿಕೆ, ಸುಪ್ತಿ ಇವು ಪರಿಹಾರವಾಗುವುವೆಂದೂ, ಪಾದರಕ್ಷೆಯನ್ನು ಧರಿಸುವುದು ಕಾಲಿನ ತೊಂದರೆಗಳನ್ನು ಕಳೆದು ಬಲವನ್ನು ಕೊಡುವುದೆಂದೂ ಸೂತ್ರಸ್ಥಾನದ 5ನೆಯ ಅಧ್ಯಾಯದಲ್ಲಿ ಹೇಳಿದೆ. ಅನಂತರದ ಸಂಗ್ರಹಗ್ರಂಥಗಳಲ್ಲಿ ಉರಿಗಾಲಿಗೆ ಮಸೂರಬೇಳೆಯ ಲೇಪ, ಬೆಣ್ಣೆಯನ್ನು ಸವರಿ ಕಾಸುವುದು ಮೊದಲಾದ ಮನೆಮದ್ದುಗಳು ಸೇರಿಕೊಂಡುವು.

ಈಗ ಉರಿಗಾಲಿನ ಮುಂದಿನ ಕಥೆಗೆ ಬರೋಣ. 1826ರಲ್ಲಿ ಕಲ್ಕತ್ತೆಯ ವೈದ್ಯಸಂಘದ ಪತ್ರಿಕೆಯಲ್ಲಿ ಗ್ರಿಯರ್ಸನ್ ಎಂಬ ವೈದ್ಯರು ಈ ದೇಶದ ಜನರ ಅಂಗಾಲುರಿಯನ್ನು ಕುರಿತು ಬರೆದರು. ಪಾಶ್ಚಾತ್ಯ ವೈದ್ಯಸಾಹಿತ್ಯದಲ್ಲಿ ಈ ವ್ಯಾಧಿಯ ಚರ್ಚೆ ಅಲ್ಲಿಂದ ಮೊದಲಾಗುವುದೆಂದು ಎಣಿಸುವ ವಾಡಿಕೆಯಿದೆ. ಎರಡನೆಯ ಮಹಾಯುದ್ಧದಲ್ಲಿ ಹಾಂಗ್‌ಕಾಂಗ್, ಸಿಂಗಪುರಗಳಲ್ಲಿ ಜಪಾನೀಯರ ಸೆರೆಯಲ್ಲಿದ್ದ ಸೈನಿಕರಿಗೆ ನಯಮಾಡಿದ ಅಕ್ಕಿಯ ಅನ್ನವೇ ಮುಖ್ಯ ಆಹಾರವಾಗಿದ್ದಾಗ ಅದೇ ವ್ಯಾಧಿ ಗುಂಪುಗುಂಪಾಗಿ ಕಾಣಿಸಿಕೊಂಡಿತು. ರಾತ್ರಿಯ ವೇಳೆ ಉರಿ ತಡೆಯಲಾರದೆ ಅವರು ಕಾಲನ್ನು ತಣ್ಣೀರಿನಲ್ಲಿ ಅದ್ದಿಕೊಂಡು ಕುಳಿತಿರುತ್ತಿದ್ದರು. ಕುಣಿಯುವಂತೆ ಕಾಲೆತ್ತಿ ಇಡುತ್ತಿದ್ದ ಈ ನರಳಾಟಕ್ಕೆ ಸೈನಿಕರೇ ಇಟ್ಟ ಹೆಸರು ‘ಹ್ಯಾಪಿ ಫೀಟ್’, ಎಂದರೆ ನಲಿಯುವ ಪಾದಗಳು. ವ್ಯಂಗ್ಯದ ಮಾತಾದರೂ ಸಂಸ್ಕೃತದ ಪಾದಹರ್ಷಕ್ಕೆ ಅಕ್ಷರಶಃ ಹೊಂದುವುದು ಸೋಜಿಗವಾಗಿದೆ. ಹರ್ಷಶಬ್ದಕ್ಕೆ ಅಲ್ಲಿ ರೋಮಾಂಚದ ಅರ್ಥವೇ ಮೂಲವೆಂಬುದನ್ನು ಮಾತ್ರ ಮರೆಯಬಾರದು.

ಕೂನೂರಿನ ಪೌಷ್ಟಿಕಾಂಶ ಸಂಶೋಧನಾಲಯದಲ್ಲಿದ್ದ ಸಿ. ಗೋಪಾಲನ್ ಅವರು 1946ರಲ್ಲಿ ಇಂಡಿಯನ್ ಮೆಡಿಕಲ್ ಗೆಜೆಟ್ ಪತ್ರಿಕೆಯಲ್ಲಿ, ಬಿ ವರ್ಗದ ಜೀವಸತ್ವಗಳಲ್ಲೊಂದಾದ ಪ್ಯಾಂಟೊಥಿನಿಕ್ ಆಮ್ಲದ ಲವಣವನ್ನು ಕೊಟ್ಟುದರಿಂದ ಉರಿ ಶಮನವಾದುದನ್ನು ಪ್ರಕಟಿಸಿದರು. ಈ ಒಂದೇ ಜೀವಸತ್ವದ ಕೊರತೆ ಕಾರಣವೋ, ಬಿ ವರ್ಗದ ಹಲವುಗಳ ಕೊರತೆ ಒಟ್ಟಾಗಿ ಕಾರಣವೋ ಎಂಬ ಚರ್ಚೆ ಮುಂದೆಯೂ ನಡೆಯಿತು. ಹೇಗಿದ್ದರೂ ರೋಗದ ಬೇರು ಅನ್ನದ ಬಟ್ಟಲಿನಲ್ಲಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಷ್ಟರಿಂದಲೇ ಸುಶ್ರುತನ ಪಾದದಾಹವೂ ಸೆರೆಯಾಳುಗಳ ಅಂಗಾಲುರಿಯೂ ಒಂದೇ ಎಂದು ಸಾರಿಬಿಡುವುದು ಸರಿಯಲ್ಲ. ಪಾದದಾಹವು ವಿಶೇಷವಾಗಿ ನಡೆದಾಟದಿಂದ ಹೆಚ್ಚುವುದೆಂದು ಸುಶ್ರುತನ ಮಾತು. ಸೆರೆಯಾಳುಗಳ ಉರಿಯೋ ಮಲಗಿದಾಗ, ರಾತ್ರಿಯಲ್ಲಿ, ಉಲ್ಬಣಿಸುತ್ತಿತ್ತು. ಹೆಸರಿನ ಸಾಮ್ಯವನ್ನು ನೋಡಿ ರೋಗದ ಐಕ್ಯವನ್ನು ಸ್ಥಾಪಿಸುವ ಅವಸರ ನಮ್ಮ ವಿದ್ವಲ್ಲೋಕದಲ್ಲಿ ಕಡಮೆಯೇನೂ ಇಲ್ಲ.

ಪಾದಸುಪ್ತಿಯ ಕಥೆ ಇದಕ್ಕಿಂತ ಗಹನವಾದುದು. ಸಂಸ್ಕೃತಕ್ಕೆ ಅರಿವುಗೆಟ್ಟ ಕಾಲು ನಿದ್ದೆಹೋದ ಕಾಲು. ಕನ್ನಡದಲ್ಲಿ ಕ್ಷಣಿಕವಾದುದಕ್ಕೆ ‘ಜೋಮು’ ಎನ್ನುತ್ತೇವೆ. ಪೂರ್ಣವಾಗಿ ಅರಿವು ಹೋದುದಕ್ಕೆ ‘ಮರಗಟ್ಟುವುದು’ ಎನ್ನುತ್ತೇವೆ. ನಿದ್ದೆಯಿಂದ ಏಳಬಹುದು, ಮರವಾದುದು ಮರಳದು. ಕುಷ್ಠದಲ್ಲಿ ನರ ಸತ್ತ ಕಾಲಿಗೆ ಒಪ್ಪುವುದು ಕನ್ನಡದ ಮಾತೇ.

ಸ್ಪರ್ಶಜ್ಞಾನದ ನಾಶವನ್ನು ಚರಕ ಸುಶ್ರುತರಿಬ್ಬರೂ ಕುಷ್ಠಲಕ್ಷಣಗಳಲ್ಲಿ ಎಣಿಸಿರುವರು. ಪಶ್ಚಿಮಸಮುದ್ರದ ನೆಲದಲ್ಲಿ ಬೆಳೆಯುವ ತುವರಕವೃಕ್ಷದ ಬೀಜದೆಣ್ಣೆಯನ್ನು ಸುಶ್ರುತನು ಔಷಧವಾಗಿ ವಿಧಿಸುತ್ತಾನೆ. ನಮ್ಮ ಸಹ್ಯಾದ್ರಿಯ ಕಾಡುಗಳಲ್ಲಿ ಗರುಡಫಲವೆಂದು ಕರೆಯುವ ಮರವೇ ಇದೆಂದು ಗುರುತಿಸಲಾಗಿದೆ. ಇದೇ ಬಳಗದ ಚಾಲ್‌ಮೂಗ್ರ ಎಣ್ಣೆಯನ್ನು 1854ರಲ್ಲಿ ಕಲ್ಕತ್ತೆಯ ಮೊವಾಟ್ ಎಂಬ ವೈದ್ಯರು ಪಾಶ್ಚಾತ್ಯರಿಗೆ ಪರಿಚಯ ಮಾಡಿಕೊಟ್ಟರು. 1941ರಲ್ಲಿ ಅಮೆರಿಕದ ಕಾರ್ವಿಲ್ ಆಸ್ಪತ್ರೆಯಲ್ಲಿ ಸಲ್ಫೋನ್ ಔಷಧದ ಪ್ರಯೋಗ ಮೊದಲಾದ ಮೇಲೆ ಈ ಎಣ್ಣೆಯ ಕಾಲ ಮುಗಿಯಿತು. ಹೊಸ ಔಷಧ ರೋಗಾಣುವನ್ನು ಕೊಂದಿತು. ಸತ್ತ ನರಕ್ಕೆ ಜೀವ ಕೊಡಲಾರದೆ ಹೋಯಿತು. ರೋಗ ವಾಸಿಯಾದವನ ಅಂಗಾಲಿನಲ್ಲಿಯೂ ಹುಣ್ಣು ಮತ್ತೆ ಮತ್ತೆ ಬಿರಿಯುತ್ತಿತ್ತು.

ಈ ಹುಣ್ಣಿಗೆ ಪಾಶ್ಚಾತ್ಯರು ಇಟ್ಟಿದ್ದ ಹೆಸರು ‘ಟ್ರೋಫಿಕ್’. ಪೋಷಣೆಯನ್ನು ಸೂಚಿಸುವ ಗ್ರೀಕ್ ಪದದಿಂದ ಬಂದುದು. ನರವು ಮಾಂಸಕ್ಕೆ ಪೋಷಣೆ ಕೊಡುವುದೆಂದೂ, ನರ ಸತ್ತರೆ ಮಾಂಸ ತಾನಾಗಿಯೇ ಕೊಳೆಯುವುದೆಂದೂ ಆ ಹೆಸರಿನ ಒಳಗೆ ಒಂದು ಸಿದ್ಧಾಂತವೇ ಅಡಗಿತ್ತು. ಕೊಳೆಯುವುದು ಸ್ವಭಾವವೆಂದ ಮೇಲೆ ತಡೆಯುವ ಯತ್ನವೇಕೆ? ಎಷ್ಟೋ ಪಾದಗಳು ಗರಗಸಕ್ಕೆ ಬಲಿಯಾದುವು. ಒಂದು ಪಾರಿಭಾಷಿಕ ಪದ ಇಷ್ಟು ಅನರ್ಥಕ್ಕೆ ಆಸರೆಯಾದ ಉದಾಹರಣೆ ಅಪರೂಪ.

ಆಚರಣೆ ಮಾತ್ರ ಸಿದ್ಧಾಂತಕ್ಕಿಂತ ಮುಂದೆ ಹೋಗಿತ್ತು. 1930ರ ದಶಕದಲ್ಲಿ ಸಿಂಹಳದಲ್ಲಿ ಮಿಲ್ರಾಯ್ ಪಾಲ್ ಅವರೂ, ಭಾರತದಲ್ಲಿ ಜೋಸೆಫ್ ಖಾನ್ ಅವರೂ ಹುಣ್ಣಾದ ಕಾಲಿಗೆ ಗಚ್ಚಿನ ಕಟ್ಟು ಹಾಕಿ, ರೋಗಿ ನಡೆದಾಡುತ್ತಿರುವಾಗಲೇ ಹುಣ್ಣು ಮಾಯುವಂತೆ ಮಾಡಿದರು. ಖಾನ್ ಅವರ ಲೇಖನ 1939ರಲ್ಲಿ ‘ಲೆಪ್ರಸಿ ಇನ್ ಇಂಡಿಯಾ’ ಪತ್ರಿಕೆಯಲ್ಲಿ ಬಂದಿತು. ಮಾಂಸ ತಾನಾಗಿ ಕೊಳೆಯುವುದೇ ನಿಜವಾಗಿದ್ದರೆ ಕಟ್ಟಿನೊಳಗೆ ಅದು ಕೂಡಿಕೊಂಡುದು ಹೇಗೆ?

ಈ ಪ್ರಶ್ನೆಗೆ ಉತ್ತರವನ್ನು ಒದಗಿಸಿದವರು ಮುಖ್ಯವಾಗಿ ಪಾಲ್ ಬ್ರಾಂಡ್ ಅವರು. ಅವರು 1914ರಲ್ಲಿ ತಮಿಳುನಾಡಿನ ಕೊಲ್ಲಿಬೆಟ್ಟದಲ್ಲಿ ಹುಟ್ಟಿ, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕಾಲೇಜಿಗೆ ಬಂದರು. ಕೈಬೆರಳುಗಳ ಶಸ್ತ್ರಕ್ರಿಯೆಯಿಂದ ಪ್ರಸಿದ್ಧರಾದವರು ಕಾಲಿನ ವಿಷಯದಲ್ಲಿ ಶಸ್ತ್ರವನ್ನು ಬದಿಗಿಟ್ಟು ಮೆಟ್ಟಿನ ಅಟ್ಟೆಯ ಕಡೆ ತಿರುಗಿದುದು ಗಮನಾರ್ಹ. ಅವರು ಕಂಡುಕೊಂಡುದಿಷ್ಟು: ಅರಿವಿರುವವನು ಬಹುದೂರ ನಡೆದಾಗ, ತನಗೆ ತಿಳಿಯದೆಯೇ, ಭಾರವನ್ನು ಹಿಮ್ಮಡಿಯಿಂದ ಅಂಚಿಗೂ ಅಂಚಿನಿಂದ ಮುಂಗಾಲಿಗೂ ಬದಲಾಯಿಸುತ್ತಾನೆ, ಕುಂಟುತ್ತಾನೆ, ಕುಳಿತುಕೊಳ್ಳುತ್ತಾನೆ. ಇದನ್ನೆಲ್ಲ ಮಾಡಿಸುವುದು ನೋವು. ಅರಿವಿಲ್ಲದವನು ಕುಂಟುವುದಿಲ್ಲ, ಒಂದೇ ಎಡೆಯಲ್ಲಿ ಸಾವಿರಾರು ಸಲ ತುಳಿಯುತ್ತಾನೆ, ಅಲ್ಲಿ ಮೊದಲು ಕಾವು, ಆಮೇಲೆ ಬಾವು, ಕೊನೆಗೆ ಹುಣ್ಣು. ಮಾಂಸದಲ್ಲಿ ದೋಷವಿಲ್ಲ. ಗಚ್ಚಿನ ಕಟ್ಟು ಭಾರವನ್ನು ಇಡೀ ಅಂಗಾಲಿಗೂ ಮೊಣಕಾಲಿನ ಕೆಳಗಿನ ಭಾಗಕ್ಕೂ ಹಂಚಿ, ಹೆಜ್ಜೆಯನ್ನು ಕಿರಿದುಮಾಡುವುದರಿಂದ ಹುಣ್ಣು ಮಾಯುತ್ತದೆ.

ಕಟ್ಟು ಬಿಚ್ಚಿದ ಮೇಲೆ ಬೇಕಾದುದು ಪಾದರಕ್ಷೆ. ಊರಿನ ಮೆಟ್ಟಿನಲ್ಲಿ ಮೊಳೆಗಳೇ ಶತ್ರುಗಳು. ಮೊಳೆ ಅಟ್ಟೆಯನ್ನು ದಾಟಿ ಕಾಲಿಗೆ ಹೊಕ್ಕರೂ ಧರಿಸಿದವನಿಗೆ ತಿಳಿಯದು. ಆದ ಕಾರಣ ವೆಲ್ಲೂರಿನಲ್ಲಿಯೂ, 1955ರಲ್ಲಿ ಸ್ಥಾಪಿತವಾದ ಸಮೀಪದ ಕರಿಗಿರಿ ಸಂಸ್ಥೆಯಲ್ಲಿಯೂ ಮೊಳೆಯಿಲ್ಲದೆ ಹೊಲಿದು ಅಂಟಿಸಿದ, ಸಣ್ಣ ಗಾಳಿಗುಳ್ಳೆಗಳುಳ್ಳ ಮೆತ್ತನೆಯ ರಬ್ಬರಿನ ಅಟ್ಟೆಯ ಪಾದರಕ್ಷೆಗಳು ರೂಢಿಗೆ ಬಂದುವು. ಚರಕನು ಇದನ್ನೇ ಹೇಳಿದ್ದನೆಂದು ಕೆಲವರು ಹಿಗ್ಗಬಹುದು. ಅವನು ಹೇಳಿದುದು ಸ್ವಸ್ಥನ ದಿನಚರಿ. ಸುಪ್ತಪಾದನಿಗೆ ಎಂತಹ ಮೆಟ್ಟು ಬೇಕೆಂಬ ವಿಚಾರ ಅಲ್ಲಿಲ್ಲ.

1966ರಲ್ಲಿ ಬ್ರಾಂಡ್ ಅವರು ಕಾರ್ವಿಲ್ಲಿಗೆ ಹೋದಾಗ ಗಚ್ಚಿನ ಕಟ್ಟೂ ಅವರೊಡನೆ ಹೋಯಿತು. ಅಲ್ಲಿ ಮಧುಮೇಹಿಗಳ ಪಾದದಲ್ಲಿಯೂ ಇದೇ ಬಗೆಯ ಹುಣ್ಣು ಕಂಡುಬಂದು, ಇದೇ ಕಟ್ಟಿನಿಂದ ಮಾಯಿತು. 1986ರಲ್ಲಿ ಅದೇ ಸಂಸ್ಥೆಯ ಬರ್ಕ್ ಮತ್ತು ಸಿಮ್ಸ್ ಅವರು ಕುಷ್ಠರೋಗಿಗಳನ್ನೂ ಮಧುಮೇಹಿಗಳನ್ನೂ ಒಟ್ಟಿಗೆ ಪರೀಕ್ಷಿಸಿ, ಯಾವ ಪಾದಕ್ಕೆ ಹುಣ್ಣಿನ ಭಯವಿದೆಯೆಂಬುದಕ್ಕೆ ಒಂದು ಅಳತೆಯನ್ನು ಗೊತ್ತುಮಾಡಿದರು. 10 ಗ್ರಾಂ ಭಾರದಷ್ಟು ಒತ್ತಿದಾಗ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಮುಟ್ಟಿಸಿ, ಕಣ್ಣು ಮುಚ್ಚಿಕೊಂಡ ರೋಗಿಯನ್ನು ‘ತಿಳಿಯಿತೇ?’ ಎಂದು ಕೇಳುವುದೇ ಆ ಪರೀಕ್ಷೆ. ಮಧುಮೇಹದ ಚಿಕಿತ್ಸಾಲಯಗಳಲ್ಲಿ ಇಂದಿಗೂ ಅದು ನಡೆಯುತ್ತಿದೆ.