ಛಾವಣಿಗೆ ಎಸೆದ ಪಾಯಸ

ಕ್ರಿಸ್‌ಮಸ್‌ನ ಮುನ್ನಾದಿನ ಉಕ್ರೇನಿನ ಹಳ್ಳಿಯ ಯಜಮಾನ ಮೊದಲ ನಕ್ಷತ್ರ ಮೂಡುವತನಕ ಉಪವಾಸ. ಮೂಡಿದ ಮೇಲಾದರೂ ಉಣ್ಣುತ್ತಿದ್ದನೇ? ಗೋಧಿ, ಗಸಗಸೆ, ಜೇನು ಬೆರೆಸಿದ ‘ಕುಟ್ಯಾ’ ಎಂಬ ಪಾಯಸವನ್ನು ಒಂದು ಚಮಚ ತೆಗೆದು ಛಾವಣಿಗೆ ಎಸೆಯುತ್ತಿದ್ದ! ಅಂಟಿಕೊಂಡರೆ ಆ ವರ್ಷ ಬೆಳೆಯೂ ಜೇನೂ ಸಮೃದ್ಧಿ. ಛಾವಣಿ ಒರೆಸುವವರು ಯಾರೆಂದು ಸಂಪ್ರದಾಯ ಹೇಳುವುದಿಲ್ಲ.

ಮದುವೆಯ ವಿಷಯಕ್ಕೆ ನಾಯಿಯೇ ಜೋಯಿಸ. ಸಂತ ಆಂಡ್ರ್ಯೂ ಹಬ್ಬದ ಹಿಂದಿನ ರಾತ್ರಿ ಹುಡುಗಿಯರು ತಾವು ಸುಟ್ಟ ಪುಟ್ಟ ರೊಟ್ಟಿಗಳನ್ನು ಸಾಲಾಗಿಟ್ಟು ಹಸಿದ ನಾಯಿಯನ್ನು ಒಳಬಿಡುತ್ತಿದ್ದರು. ಅದು ಯಾರ ರೊಟ್ಟಿಗೆ ಮೊದಲು ಬಾಯಿ ಹಾಕಿತೋ ಅವಳಿಗೆ ಮೊದಲು ಮದುವೆ.

ಡಿಸೆಂಬರಿನ ಸಂತ ವರ್ವಾರಾ ಗಾದೆಯಲ್ಲಿ ದರ್ಜಿಯಾಗುತ್ತಾಳೆ: ‘ವರ್ವಾರಾ ಇರುಳನ್ನು ಹರಿದಳು, ಹಗಲಿಗೆ ಸೇರಿಸಿದಳು.’

ಈ ಹಬ್ಬಗಳನ್ನು ಸೋವಿಯತ್ ಆಳ್ವಿಕೆ ಸಂಶಯದಿಂದಲೇ ನೋಡಿತು. 1972ರ ಜನವರಿಯಲ್ಲಿ ಲ್ವಿವ್ ನಗರದಲ್ಲಿ ಲೇಖಕರು, ಕಲಾವಿದರು ಮನೆಮನೆಗೆ ಹೋಗಿ ‘ಕೊಲ್ಯಾದಾ’ ಎಂಬ ಹಬ್ಬದ ಹಾಡು ಹಾಡಿದರು. ಕವಿ ವಸಿಲ್ ಸ್ತುಸ್ ಅವರಲ್ಲೊಬ್ಬರು. ಜನವರಿ 12ರಂದು ಬಂಧನಗಳು ಶುರುವಾದವು. ಹಾಡಿದವರಲ್ಲಿ ಹಲವರು ಸೆರೆಯಾದರು. ಸ್ತುಸ್ 1985ರಲ್ಲಿ ಸೆರೆಶಿಬಿರದಲ್ಲೇ ತೀರಿಕೊಂಡರು.

ಹಾಡು ಮಾತ್ರ ಈಗಲೂ ಮನೆಮನೆ ತಿರುಗುತ್ತಿದೆ. ವರ್ವಾರಾಳ ಹೊಲಿಗೆ ಇನ್ನೂ ಮುಗಿದಿಲ್ಲ.