ಲಿನಕ್ಸ್ ಅಂಗಳದಲ್ಲಿ ಕನ್ನಡದ ಆಟ

ಲಿನಕ್ಸ್ ಆಟಕ್ಕೆ ಬಾರದ ವ್ಯವಸ್ಥೆ ಎಂಬ ಮಾತು ಕಂಪ್ಯೂಟರ್ ಬಲ್ಲವರಲ್ಲಿ ಬಹುಕಾಲ ಗಾದೆಯಂತೆ ಚಾಲ್ತಿಯಲ್ಲಿತ್ತು. ಕಚೇರಿಗೆ ಸರಿ, ಸರ್ವರಿಗೆ ಸರಿ, ಆಟವಾಡಬೇಕೆಂದರೆ ಮಾತ್ರ ವಿಂಡೋಸಿಗೇ ಮರಳಬೇಕು ಎಂಬುದು ಅದರ ತಾತ್ಪರ್ಯ. ವಂಶಾವಳಿಯನ್ನು ಕೆದಕಿದರೆ ಈ ಮಾತು ವಿಚಿತ್ರವಾಗಿ ಕೇಳಿಸುತ್ತದೆ. ಏಕೆಂದರೆ ಲಿನಕ್ಸಿಗೆ ಮಾದರಿಯಾದ ಯುನಿಕ್ಸಿನ ಹುಟ್ಟಿನ ಹಿಂದೆ ಇದ್ದದ್ದೇ ಒಂದು ಆಟ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಸೌರಮಂಡಲದಲ್ಲಿ ನೌಕೆ ಓಡಿಸುವ ‘ಸ್ಪೇಸ್ ಟ್ರಾವೆಲ್’ ಎಂಬ ಆಟವನ್ನು ಬರೆದರು. ದೊಡ್ಡ ಕಂಪ್ಯೂಟರಿನಲ್ಲಿ ಅದನ್ನು ಒಮ್ಮೆ ಆಡಿದರೆ ಸುಮಾರು 75 ಡಾಲರ್ ಬೆಲೆಯ ಯಂತ್ರಸಮಯ ಕರಗುತ್ತಿತ್ತು. ಹೆಚ್ಚು ಯಾರೂ ಬಳಸದೆ ಬಿದ್ದಿದ್ದ ಪಿಡಿಪಿ-7 ಎಂಬ ಪುಟ್ಟ ಯಂತ್ರಕ್ಕೆ ಆಟವನ್ನು ಒಗ್ಗಿಸಲು ಹೊರಟ ಥಾಂಪ್ಸನ್, ಅದೇ ಯಂತ್ರದ ಮೇಲೆ ಯುನಿಕ್ಸಿನ ಮೊದಲ ರೂಪವನ್ನು ಕಟ್ಟಿದರು. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರ ಆರಂಭದಲ್ಲಿ ಕಂಪ್ಯೂಟರ್ ಕೊಂಡಾಗಲೂ ಹೀಗೆಯೇ. ತರಿಸಿಕೊಂಡಿದ್ದ ಮಿನಿಕ್ಸ್ ಎಂಬ ತಂತ್ರಾಂಶ ಕೈಗೆ ಬರುವವರೆಗೆ ಆತ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಡುತ್ತ ಕಾಲ ಕಳೆದ. ಅದೇ ವರ್ಷ ಆಗಸ್ಟಿನಲ್ಲಿ ಲಿನಕ್ಸಿನ ಸುದ್ದಿ ಜಗತ್ತಿಗೆ ತಿಳಿಯಿತು.

ಹಾಗಿದ್ದರೆ ಆಟಗಳು ಬಾರದೆ ಹೋದದ್ದೇಕೆ? ಕಾರಣ ಸರಳ. ಪರದೆಯ ಮೇಲೆ ಚಿತ್ರ ಬಿಡಿಸಲು, ಸದ್ದು ಹೊರಡಿಸಲು ಪ್ರತಿಯೊಂದು ಆಟವೂ ಯಂತ್ರದ ವ್ಯವಸ್ಥೆಯನ್ನು ಕೇಳಿಕೊಳ್ಳಬೇಕು. ವಿಂಡೋಸಿಗೆಂದು ಬರೆದ ಆಟ ಕೇಳುವುದು ವಿಂಡೋಸಿನ ಭಾಷೆಯಲ್ಲಿ. 1998ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಲೋಕಿ ಸಾಫ್ಟ್‌ವೇರ್ ಎಂಬ ಕಂಪನಿ ಪ್ರಸಿದ್ಧ ಆಟಗಳನ್ನು ಒಂದೊಂದಾಗಿ ಲಿನಕ್ಸಿಗೆ ತಂದು ಮಾರಲು ನೋಡಿತು. ಕೊಳ್ಳುವವರು ಸಾಲಲಿಲ್ಲ. 2002ರ ಜನವರಿಯಲ್ಲಿ ಬಾಗಿಲು ಹಾಕಿತು.

ಅಂಗಡಿ ಮುಚ್ಚಿದರೂ ಉಪಕರಣ ಉಳಿಯಿತು. ಲೋಕಿಯಲ್ಲಿ ದುಡಿಯುತ್ತಿದ್ದ ಸ್ಯಾಮ್ ಲಾಂಟಿಂಗಾ 1998ರಲ್ಲಿ ಬರೆದಿದ್ದ ಎಸ್‌ಡಿಎಲ್ ಎಂಬ ತಂತ್ರಾಂಶ, ಯಾವ ವ್ಯವಸ್ಥೆಯ ಮೇಲಾದರೂ ಆಟಕ್ಕೆ ಪರದೆಯನ್ನೂ ಸದ್ದನ್ನೂ ಒದಗಿಸಬಲ್ಲದು. ಅದರ ಮೂಲಬರಹ ಎಲ್ಲರಿಗೂ ಮುಕ್ತ. ಅದನ್ನೇ ಬಳಸಿಕೊಂಡು 2002ರಲ್ಲಿ ಬಿಲ್ ಕೆಂಡ್ರಿಕ್ ಮಕ್ಕಳಿಗಾಗಿ ‘ಟಕ್ಸ್ ಪೇಂಟ್’ ಎಂಬ ಚಿತ್ರ ಬಿಡಿಸುವ ಆಟವನ್ನು ಹೊರತಂದರು. ಟಕ್ಸ್ ಎಂದರೆ ಲಿನಕ್ಸಿನ ಲಾಂಛನವಾದ ಪೆಂಗ್ವಿನ್ ಹಕ್ಕಿ. ಫ್ರಾನ್ಸಿನ ಬ್ರೂನೊ ಕುದ್ವಾಂ 2000ದಲ್ಲೇ ‘ಜಿಕಾಂಪ್ರಿ’ಯನ್ನು ಆರಂಭಿಸಿದ್ದರು. ಎಣಿಕೆ, ಅಕ್ಷರ, ಒಗಟುಗಳ ಪುಟ್ಟ ಆಟಗಳ ಗೊಂಚಲು ಅದು. ಫ್ರೆಂಚಿನಲ್ಲಿ ‘ನನಗೆ ತಿಳಿಯಿತು’ ಎಂಬರ್ಥದ ಮಾತಿನ ಮೇಲಿನ ಚೇಷ್ಟೆಯೇ ಆ ಹೆಸರು. ದುಡ್ಡಿನ ಆಟಗಳು ಬಾರದ ಅಂಗಳದಲ್ಲಿ ಹೀಗೆ ಮಕ್ಕಳ ಆಟಗಳು ಬೆಳೆದವು.

ನಮ್ಮ ನಾಡಿಗೆ ಲಿನಕ್ಸ್ ಬಂದದ್ದು ಪತ್ರಿಕೆಯ ಜೊತೆಗೆ. 1996ರಲ್ಲಿ ‘ಪಿಸಿ ಕ್ವೆಸ್ಟ್’ ಮಾಸಪತ್ರಿಕೆ ಅದನ್ನು ಸಿ.ಡಿ.ಯಲ್ಲಿ ಹಂಚಿತು. ಅದರ ಹಿಂದಿದ್ದವರು 2013ರಲ್ಲಿ ತೀರಿಕೊಂಡ ಬೆಂಗಳೂರಿನ ಅತುಲ್ ಚಿಟ್ನಿಸ್. ಬೆಂಗಳೂರಿನ ಆಸಕ್ತನಿಗೆ ಅದು ಸಾಕಾಯಿತು. ಆದರೆ ರಾಯಚೂರು ಜಿಲ್ಲೆಯ ಸಂತೆಕಲ್ಲೂರಿನಂಥ ಊರಿನ ಮಗು ಕಂಪ್ಯೂಟರಿನ ಮುಂದೆ ಕೂರುವುದೇನಿದ್ದರೂ ಶಾಲೆಯಲ್ಲಿ. ಅಲ್ಲಿ ಆ ಮಗು ಕೇಳುವ ಮೊದಲ ಪ್ರಶ್ನೆ ಆಟ ಓಡುತ್ತದೆಯೇ ಎಂಬುದಲ್ಲ, ಪರದೆಯ ಮೇಲೆ ಬರೆದಿರುವುದೇನು ಎಂಬುದು.

ಮುಕ್ತ ಆಟಗಳ ಗುಣ ಕಾಣುವುದು ಇಲ್ಲಿಯೇ. ಇಂಥ ಆಟದ ಮಾತುಗಳೆಲ್ಲ ಪ್ರತ್ಯೇಕ ಕಡತವೊಂದರಲ್ಲಿ ಇರುತ್ತವೆ. ಮೇಲೊಂದು ಇಂಗ್ಲಿಷ್ ಸಾಲು, ಕೆಳಗೆ ಖಾಲಿ ಜಾಗ. ಕನ್ನಡ ಬಲ್ಲವರು ಯಾರಾದರೂ ಅದನ್ನು ತುಂಬಿ ಕಳಿಸಬಹುದು. ಯಾರ ಅಪ್ಪಣೆಯೂ ಬೇಕಿಲ್ಲ, ಪ್ರೋಗ್ರಾಮಿಂಗ್ ಗೊತ್ತಿರಬೇಕೆಂದೂ ಇಲ್ಲ. ಹೀಗೆ ಬೆರಳೆಣಿಕೆಯ ಜನ, ಹೆಚ್ಚಿನವರು ಬಿಡುವಿನ ವೇಳೆಯಲ್ಲಿ, ಟಕ್ಸ್ ಪೇಂಟಿಗೆ, ಜಿಕಾಂಪ್ರಿಗೆ, ಗ್ನೋಮ್ ತಂಡದ ಇಸ್ಪೀಟು, ಮಾಜಾಂಗುಗಳಿಗೆ ಕನ್ನಡ ತಂದರು.

ಮಾತು ಬಂದರೆ ಸಾಲದು, ಅಕ್ಷರವೂ ಕೂಡಿ ಬರಬೇಕು. ಆಟಗಳು ತಮ್ಮ ಪರದೆಯ ಬರಹವನ್ನು ಬಹುಮಟ್ಟಿಗೆ ತಾವೇ ಬಿಡಿಸಿಕೊಳ್ಳುತ್ತವೆ. ಎಸ್‌ಡಿಎಲ್ ಜೊತೆ ಆಗ ಬರುತ್ತಿದ್ದ ಅಕ್ಷರ ಬಿಡಿಸುವ ಉಪಕರಣಕ್ಕೆ ಒಂದರ ಪಕ್ಕ ಒಂದು ಅಚ್ಚುಮೊಳೆ ಜೋಡಿಸುವುದಷ್ಟೇ ಗೊತ್ತಿತ್ತು. ಇಂಗ್ಲಿಷಿಗೆ ಅದು ಧಾರಾಳ. ಕನ್ನಡಕ್ಕೆ ಬಂದರೆ ‘ಅಕ್ಕ’ ಎಂಬುದು ‘ಅಕ್‌ಕ’ ಆಗುತ್ತಿತ್ತು, ಒತ್ತು ಕೆಳಗಿಳಿಯುತ್ತಿರಲಿಲ್ಲ. ಒತ್ತಕ್ಷರ ತಪ್ಪಿದರೆ ಕಿವಿ ಹಿಂಡುವ ಮೇಷ್ಟರ ಮುಂದೆ ಇಂಥ ಪರದೆಯನ್ನು ಇಡುವುದಾದರೂ ಹೇಗೆ? 2007ರ ಸುಮಾರಿಗೆ ಟಕ್ಸ್ ಪೇಂಟ್, ಲಿಪಿಗಳ ಕೂಡಿಕೆ ಬಲ್ಲ ‘ಪ್ಯಾಂಗೋ’ವನ್ನು ಅಳವಡಿಸಿಕೊಂಡ ಮೇಲೆ ಒತ್ತು ತನ್ನ ಜಾಗಕ್ಕೆ ಬಂತು.

ಕನ್ನಡ ಮಕ್ಕಳು ಸರ್ಕಾರಿ ಪಾಠಕ್ರಮದಲ್ಲೇ ಲಿನಕ್ಸಿನ ಮೇಲೆ ಆಡಿ ಕಲಿತದ್ದನ್ನು ನೋಡಬೇಕಾದರೆ ಗಡಿಯಾಚೆ ಕಾಸರಗೋಡಿಗೆ ಹೋಗಬೇಕು. ಕೇರಳ 2001ರಲ್ಲಿ ಆರಂಭಿಸಿದ ‘ಐಟಿ ಅಟ್ ಸ್ಕೂಲ್’ ಯೋಜನೆ ಆ ದಶಕದ ನಡುವಿನಲ್ಲಿ ಶಾಲೆಗಳನ್ನು ಲಿನಕ್ಸಿಗೆ ಹೊರಳಿಸಿತು. 2016ರಲ್ಲಿ ಚಿಕ್ಕ ತರಗತಿಗಳಿಗೆ ‘ಕಳಿಪ್ಪೆಟ್ಟಿ’, ಅಂದರೆ ಆಟದ ಪೆಟ್ಟಿಗೆ, ಎಂಬ ಪಠ್ಯ ಬಂತು. ಕಂಪ್ಯೂಟರಿನ ಭಾಗಗಳ ಹೆಸರು ಉರು ಹೊಡೆಸುವ ಬದಲು ಜಿಕಾಂಪ್ರಿ, ಟಕ್ಸ್ ಪೇಂಟುಗಳಂಥವನ್ನು ಆಡಿಸುತ್ತ ಕಲಿಸುವ ಪುಸ್ತಕವದು. ಮಂಜೇಶ್ವರ, ಕುಂಬಳೆಗಳ ಕನ್ನಡ ಮಾಧ್ಯಮ ಶಾಲೆಗಳೂ ಅದೇ ವ್ಯವಸ್ಥೆಯೊಳಗಿವೆ. ಕರ್ನಾಟಕದಲ್ಲಿ ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಶಿಕ್ಷಣ ಇಲಾಖೆಯೊಡನೆ ಸೇರಿ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ಉಬುಂಟು ಲಿನಕ್ಸಿನ ತರಬೇತಿ ಕೊಟ್ಟದ್ದುಂಟು. ಆದರೆ ಇಲ್ಲಿ ಆಟದ ಪೆಟ್ಟಿಗೆ ಕೇರಳದಷ್ಟು ಕೆಳಗಿನ ತರಗತಿಗೆ ಇಳಿಯಲಿಲ್ಲ ಎನ್ನದೆ ವಿಧಿಯಿಲ್ಲ.

ಈ ನಡುವೆ ಹಳೆಯ ಗಾದೆಯೂ ಸುಳ್ಳಾಗಿದೆ. ಅಮೆರಿಕದ ವಾಲ್ವ್ ಕಂಪನಿ 2018ರಲ್ಲಿ ‘ಪ್ರೋಟಾನ್’ ಎಂಬ ದುಭಾಷಿಯನ್ನು ತಂದಿತು. 1993ರಿಂದ ಸ್ವಯಂಸೇವಕರು ಕಟ್ಟುತ್ತ ಬಂದ ‘ವೈನ್’ ತಂತ್ರಾಂಶವೇ ಅದಕ್ಕೆ ಅಡಿಪಾಯ. ವಿಂಡೋಸಿನ ಆಟ ಕೇಳಿದ್ದನ್ನು ಅದು ಲಿನಕ್ಸಿಗೆ ಅರ್ಥವಾಗುವಂತೆ ತಿರುಗಿಸಿ ಹೇಳುತ್ತದೆ. 2022ರಲ್ಲಿ ಬಂದ ಅದೇ ಕಂಪನಿಯ ‘ಸ್ಟೀಮ್ ಡೆಕ್’ ಎಂಬ ಕೈಯಂತ್ರದ ಒಳಗಿರುವುದೂ ಲಿನಕ್ಸೇ. ದೊಡ್ಡ ಆಟಗಳು ಸಾವಿರಗಟ್ಟಲೆಯಾಗಿ ಬಂದವು. ಅವುಗಳಲ್ಲಿ ಕನ್ನಡ ಕಾಣುವುದು ಅಪರೂಪ. ದುಭಾಷಿ ತಿಳಿಸಿ ಹೇಳುವುದು ಯಂತ್ರಕ್ಕೇ ಹೊರತು ಮಗುವಿಗಲ್ಲ, ಮತ್ತು ಆ ಆಟಗಳ ಮಾತಿನ ಕಡತಕ್ಕೆ ಸಾಮಾನ್ಯವಾಗಿ ಬೀಗ ಹಾಕಿರುತ್ತದೆ.

ಬೀಗವಿಲ್ಲದ ಕಡೆಯೂ ಕೆಲಸ ಮುಗಿಯುವಂಥದ್ದಲ್ಲ. 2014ರಿಂದ ಜಿಕಾಂಪ್ರಿಯನ್ನು ಬುಡದಿಂದ ಹೊಸದಾಗಿ ಬರೆಯಲಾಯಿತು. ಹೊಸ ಆವೃತ್ತಿ ಬಂದಾಗಲೆಲ್ಲ ಹೊಸ ಆಟಗಳು, ಅವುಗಳ ಜೊತೆಗೆ ಹೊಸ ಸಾಲುಗಳು. ತುಂಬದೆ ಬಿಟ್ಟ ಸಾಲು ಮಗುವಿನ ಕನ್ನಡ ಪರದೆಯ ನಡುವೆ ಇಂಗ್ಲಿಷಿನಲ್ಲೇ ನಿಂತಿರುತ್ತದೆ.