ಹವ್ಯಾಸಕ್ಕೆ ವಿಮಾನ ಹಾರಿಸಬೇಕೇ? ಲೈಸೆನ್ಸ್ ಕೊಡುವವರು ಯಾರು, ಸಂಘ ನಡೆಸುವವರು ಯಾರು? ಇಲ್ಲಿದೆ ಮಾಹಿತಿ

ನಾಶಿಕ್ ಜಿಲ್ಲೆಯ ಪಿಂಪಳಗಾಂವ್ ಬಸವಂತ್ ಎಂದರೆ ದ್ರಾಕ್ಷಿ ಮತ್ತು ಈರುಳ್ಳಿಯ ದೊಡ್ಡ ಮಾರುಕಟ್ಟೆ. ಅಲ್ಲಿಂದ ಮುಂಬೈ-ಆಗ್ರಾ ಹೆದ್ದಾರಿಯಲ್ಲಿ ನಾಶಿಕ್ ಕಡೆಗೆ ಹೊರಟರೆ ಸ್ವಲ್ಪ ದೂರದಲ್ಲೇ ಓಝರ್ ಸಿಗುತ್ತದೆ. ಮಿಗ್-21ರಿಂದ ಸುಖೋಯ್-30 ಎಂಕೆಐವರೆಗೆ ಯುದ್ಧ ವಿಮಾನಗಳನ್ನು ತಯಾರಿಸಿದ ಎಚ್‌ಎಎಲ್ ಘಟಕ ಇರುವುದು ಇಲ್ಲೇ. ಈ ಭಾಗದ ಜನರಿಗೆ ತಲೆಯ ಮೇಲೆ ವಿಮಾನದ ಸದ್ದು ಹೊಸದೇನಲ್ಲ.

ಆದರೆ ಇದೇ ಊರಿನ ಯುವಕನೊಬ್ಬ ಎರಡು ಆಸನದ ಪುಟ್ಟ ವಿಮಾನವನ್ನು ಬರೀ ಹವ್ಯಾಸಕ್ಕಾಗಿ ಹಾರಿಸಬೇಕು ಎಂದುಕೊಂಡರೆ ಯಾರ ಬಾಗಿಲು ತಟ್ಟಬೇಕು? ಲೈಸೆನ್ಸ್ ಎಲ್ಲಿ ಸಿಗುತ್ತದೆ? ಅನಾಹುತವಾದರೆ ಹೊಣೆ ಯಾರದು? ಕ್ರಿಕೆಟ್‌ಗೆ ಬಿಸಿಸಿಐ ಇರುವಂತೆ ಈ ಕ್ರೀಡೆಗೂ ಒಂದು ಸಂಸ್ಥೆ ಇದೆಯೇ? ಈ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಲಘು ವಿಮಾನ ಎಂದರೇನು?

ಒಬ್ಬರು ಅಥವಾ ಇಬ್ಬರು ಕೂರಬಹುದಾದ, ಒಂದೇ ಎಂಜಿನ್‌ನ ಚಿಕ್ಕ ವಿಮಾನಗಳಲ್ಲಿ ತೀರಾ ಹಗುರವಾದವನ್ನು ಮೈಕ್ರೋಲೈಟ್ ಅಥವಾ ಅಲ್ಟ್ರಾಲೈಟ್ ಎನ್ನುತ್ತಾರೆ. ಎರಡು ಆಸನದ ಮೈಕ್ರೋಲೈಟ್‌ಗೆ ಬಹುಕಾಲದಿಂದ ಬಳಕೆಯಲ್ಲಿರುವ ಒಟ್ಟು ತೂಕದ ಮಿತಿ ಸುಮಾರು 450 ಕೆ.ಜಿ. ಪೈಲಟ್, ಪ್ರಯಾಣಿಕ, ಇಂಧನ ಎಲ್ಲವೂ ಇದರಲ್ಲೇ ಸೇರಬೇಕು. ಅಂದರೆ ಇದು ಒಂದು ಸಣ್ಣ ಕಾರಿಗಿಂತಲೂ ಹಗುರ. ಇದಕ್ಕಿಂತ ತುಸು ದೊಡ್ಡದಾದ ಲೈಟ್ ಸ್ಪೋರ್ಟ್ ವಿಮಾನಗಳಿಗೆ ಅಮೆರಿಕ 2004ರಲ್ಲಿ 600 ಕೆ.ಜಿ. ಮಿತಿ ಹಾಕಿತ್ತು.

ಹಗುರವಾದ ಕಾರಣ ಇವು ಕಡಿಮೆ ವೇಗದಲ್ಲೇ ಮೇಲೇರುತ್ತವೆ, ಚಿಕ್ಕ ರನ್‌ವೇ ಸಾಕಾಗುತ್ತದೆ. ಆದರೆ ಅದೇ ಕಾರಣಕ್ಕೆ ಗಾಳಿಯ ಹೊಡೆತಕ್ಕೂ ಬೇಗ ಸಿಕ್ಕಿಕೊಳ್ಳುತ್ತವೆ. ಹೀಗಾಗಿ ಹವಾಮಾನ ನೋಡಿ ಹಾರುವ ಶಿಸ್ತು ಇಲ್ಲಿ ಬಹಳ ಮುಖ್ಯ.

ಹವ್ಯಾಸಿಗಳಿಂದಲೇ ಆರಂಭವಾದ ಭಾರತದ ವಿಮಾನಯಾನ

ಭಾರತದಲ್ಲಿ ನಾಗರಿಕ ವಿಮಾನಯಾನಕ್ಕೆ ಬುನಾದಿ ಹಾಕಿದ್ದರಲ್ಲಿ ಹವ್ಯಾಸಿಗಳ ಪಾಲು ದೊಡ್ಡದು. 1927ರಲ್ಲಿ ಏರೋ ಕ್ಲಬ್ ಆಫ್ ಇಂಡಿಯಾ ಅಂಡ್ ಬರ್ಮಾ ಸ್ಥಾಪನೆಯಾಯಿತು. ಮರುವರ್ಷ ಮುಂಬೈನ ಜುಹುವಿನಲ್ಲಿ ಬಾಂಬೆ ಫ್ಲೈಯಿಂಗ್ ಕ್ಲಬ್ ಶುರುವಾಯಿತು. ಅಲ್ಲಿ ಹಾರಾಟ ಕಲಿತ ಜೆ.ಆರ್.ಡಿ. ಟಾಟಾ 1929ರ ಫೆಬ್ರವರಿ 10ರಂದು ಪೈಲಟ್ ಲೈಸೆನ್ಸ್ ಪಡೆದರು. ಅದರ ಸಂಖ್ಯೆ 1. ಆ ಲೈಸೆನ್ಸ್ ಕೊಟ್ಟದ್ದು ಸರ್ಕಾರವಲ್ಲ. ಅಂತಾರಾಷ್ಟ್ರೀಯ ವಾಯು ಕ್ರೀಡಾ ಒಕ್ಕೂಟವಾದ ಎಫ್‌ಎಐ ಪರವಾಗಿ ಇದೇ ಏರೋ ಕ್ಲಬ್ ಅದನ್ನು ನೀಡಿತ್ತು ಎಂಬುದು ಗಮನಾರ್ಹ.

ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ ಆಗಾ ಖಾನ್ ಬಹುಮಾನ ಘೋಷಿಸಿದ್ದರು. ಪುಟ್ಟ ವಿಮಾನದಲ್ಲಿ ಹಾರಿ ಅದನ್ನು ಗೆದ್ದದ್ದು ಹದಿಹರೆಯದ ಆಸ್ಪಿ ಎಂಜಿನಿಯರ್. ಅದೇ ಹುಡುಗ ಮುಂದೆ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು.

ಕರ್ನಾಟಕದ ಪಾಲು ಏನು?

ಈ ಕಥೆಯಲ್ಲಿ ಬೆಂಗಳೂರಿಗೆ ದೊಡ್ಡ ಸ್ಥಾನವಿದೆ. ಫ್ಲೈಯಿಂಗ್ ಕ್ಲಬ್‌ಗಳಿಗೆಂದೇ ಎಚ್‌ಎಎಲ್ ಬೆಂಗಳೂರಿನಲ್ಲಿ ತಯಾರಿಸಿದ 'ಪುಷ್ಪಕ್' ಎಂಬ ಎರಡು ಆಸನದ ವಿಮಾನ 1958ರಲ್ಲಿ ಮೊದಲ ಬಾರಿ ಹಾರಿತು. ದೇಶದ ಅದೆಷ್ಟೋ ಪೈಲಟ್‌ಗಳ ಮೊದಲ ಪಾಠ ನಡೆದದ್ದು ಇದರಲ್ಲೇ. ನಂತರ ಎನ್‌ಎಎಲ್ 'ಹಂಸ' ವಿಮಾನವನ್ನು ರೂಪಿಸಿತು. ಅದರ ಹೊಸ ಮಾದರಿ ಹಂಸ-ಎನ್‌ಜಿ 2021ರ ಸೆಪ್ಟೆಂಬರ್ 3ರಂದು ಬೆಂಗಳೂರಿನಲ್ಲಿ ಮೊದಲ ಹಾರಾಟ ನಡೆಸಿತು. ಇನ್ನು ಖಾಸಗಿ ವಲಯದಲ್ಲಿ, ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ತಯಾರಿಸಿದ 'ಎಕ್ಸ್-ಏರ್' ಮೈಕ್ರೋಲೈಟ್‌ಗಳು ಹೊರದೇಶಗಳಿಗೂ ರಫ್ತಾಗಿವೆ.

ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ನಲ್ಲಿ ರಾಜ್ಯ ಸರ್ಕಾರದ ವೈಮಾನಿಕ ತರಬೇತಿ ಶಾಲೆ ಇದೆ. ವಿಶೇಷವೆಂದರೆ ಇದು ಬರುವುದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಡಿಯಲ್ಲಿ. ಒಂದು ಕಾಲದಲ್ಲಿ ಊರಾಚೆ ಇದ್ದ ಜಕ್ಕೂರು ಈಗ ನಗರದ ನಡುವೆ ಸಿಲುಕಿದೆ. ಒಂದು ಬದಿಯಲ್ಲಿ ಬಳ್ಳಾರಿ ರಸ್ತೆಯ ಮೇಲ್ಸೇತುವೆ, ಸುತ್ತಲೂ ಎತ್ತರದ ಕಟ್ಟಡಗಳು. ಹಾರಾಟಕ್ಕೆ ಬೇಕಾದ ತೆರೆದ ಜಾಗ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ.

ಜಕ್ಕೂರಿನ ಹೆಸರು ಕೇಳಿದರೆ ಕನ್ನಡಿಗರಿಗೆ 2004ರ ಏಪ್ರಿಲ್ 17 ನೆನಪಾಗುತ್ತದೆ. ಅಂದು ಇಲ್ಲಿಂದ ಮೇಲೇರಿದ ಸೆಸ್ನಾ-180 ವಿಮಾನ ಕೆಲವೇ ಕ್ಷಣಗಳಲ್ಲಿ ಪತನವಾಗಿ ನಟಿ ಸೌಂದರ್ಯ, ಅವರ ಸಹೋದರ ಸೇರಿ ನಾಲ್ವರು ಮೃತಪಟ್ಟರು. ಅದು ಹವ್ಯಾಸಿ ಹಾರಾಟವಾಗಿರಲಿಲ್ಲ, ಚುನಾವಣಾ ಪ್ರಚಾರಕ್ಕೆ ಹೊರಟಿದ್ದ ವಿಮಾನ. ಆದರೆ ಪುಟ್ಟ ವಿಮಾನದಲ್ಲಿ ಮೇಲೇರಿದ ಮೊದಲ ಕ್ಷಣಗಳಲ್ಲೇ ಎಡವಟ್ಟಾದರೆ ಸರಿಪಡಿಸಿಕೊಳ್ಳಲು ಎತ್ತರವೂ ಇರುವುದಿಲ್ಲ, ಸಮಯವೂ ಇರುವುದಿಲ್ಲ ಎಂಬುದನ್ನು ಆ ದುರಂತ ತೋರಿಸಿತು.

ಲೈಸೆನ್ಸ್ ಯಾರು ಕೊಡುತ್ತಾರೆ?

ಇಂದು ಪೈಲಟ್ ಲೈಸೆನ್ಸ್, ವಿಮಾನದ ನೋಂದಣಿ, ಅದರ ಹಾರಾಟ ಯೋಗ್ಯತೆ, ಈ ಮೂರೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎ ಕೈಯಲ್ಲಿವೆ. ಹಳೆಯ 1934ರ ವಿಮಾನ ಕಾಯ್ದೆಯ ಜಾಗದಲ್ಲಿ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಯಲ್ಲಿದೆ.

ಖಾಸಗಿ ಪೈಲಟ್ ಲೈಸೆನ್ಸ್‌ಗೆ ಕನಿಷ್ಠ 17 ವರ್ಷ ವಯಸ್ಸು, ಹತ್ತನೇ ತರಗತಿ ಪಾಸು, ವೈದ್ಯಕೀಯ ಪರೀಕ್ಷೆ ಮತ್ತು ಕನಿಷ್ಠ 40 ಗಂಟೆಗಳ ಹಾರಾಟದ ಅನುಭವ ಬೇಕು. ಈ ಲೈಸೆನ್ಸ್ ಇದ್ದವರು ಹಣ ಪಡೆದು ಯಾರನ್ನೂ ಹಾರಿಸುವಂತಿಲ್ಲ.

ಲೈಸೆನ್ಸ್ ಸಿಕ್ಕ ಮಾತ್ರಕ್ಕೆ ಎಲ್ಲೆಂದರಲ್ಲಿ ಹಾರುವಂತೆಯೂ ಇಲ್ಲ. ಓಝರ್‌ನಂತಹ ರಕ್ಷಣಾ ಮಹತ್ವದ ನೆಲೆಯ ಸುತ್ತಲಿನ ವಾಯುಪ್ರದೇಶದಲ್ಲಿ ಸಂಚಾರ ನಿಯಂತ್ರಣದ ಅನುಮತಿ ಕಡ್ಡಾಯ. ಹೊಲದಲ್ಲಿ ಜಾಗ ಇದೆ ಎಂದು ಅಲ್ಲಿಂದಲೇ ವಿಮಾನ ಏರಿಸಲು ಬರುವುದಿಲ್ಲ.

ಹಾಗಾದರೆ ಸಂಘದ ಕೆಲಸವೇನು?

ಏರೋ ಕ್ಲಬ್ ಆಫ್ ಇಂಡಿಯಾ ಈಗಲೂ ದೆಹಲಿಯ ಸಫ್ದರ್‌ಜಂಗ್ ವಿಮಾನ ನಿಲ್ದಾಣದಿಂದ ಕೆಲಸ ಮಾಡುತ್ತಿದೆ. ಇದು ಮುಖ್ಯವಾಗಿ ಕ್ಲಬ್ ಮತ್ತು ಸಂಸ್ಥೆಗಳ ಒಕ್ಕೂಟ. ಸಾಮಾನ್ಯ ಪೈಲಟ್ ತನ್ನ ಊರಿನ ಕ್ಲಬ್‌ಗೆ ಸೇರುತ್ತಾನೆ, ಕ್ಲಬ್ ರಾಷ್ಟ್ರೀಯ ಸಂಸ್ಥೆಗೆ ಸೇರುತ್ತದೆ. ಸ್ಪರ್ಧೆ, ದಾಖಲೆ, ಅಂತಾರಾಷ್ಟ್ರೀಯ ಮಾನ್ಯತೆ ಇಂಥ ಸಂಸ್ಥೆಯ ಕೆಲಸ. ಇದಕ್ಕೆಲ್ಲ ಮೇಲಿರುವುದು 1905ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿ ಈಗ ಸ್ವಿಟ್ಜರ್ಲೆಂಡ್‌ನ ಲೊಸಾನ್‌ನಲ್ಲಿ ನೆಲೆಸಿರುವ ಎಫ್‌ಎಐ.

ಬ್ರಿಟನ್‌ನಲ್ಲಿ ವ್ಯವಸ್ಥೆ ಬೇರೆ. ಅಲ್ಲಿನ ಲೈಟ್ ಏರ್‌ಕ್ರಾಫ್ಟ್ ಅಸೋಸಿಯೇಷನ್‌ನ ಬೇರು 1946ರಷ್ಟು ಹಿಂದಿನದು. ಮೈಕ್ರೋಲೈಟ್‌ಗಳಿಗೆಂದೇ ಬ್ರಿಟಿಷ್ ಮೈಕ್ರೋಲೈಟ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಇದೆ. ಪೈಲಟ್‌ಗಳೇ ನೇರವಾಗಿ ಸದಸ್ಯರು. ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಕೇಳುವ, ಆಡಳಿತ ಮಂಡಳಿ ಆರಿಸುವ ಹಕ್ಕು ಅವರಿಗಿದೆ. ಪುಟ್ಟ ವಿಮಾನಗಳ ತಪಾಸಣೆಯ ದೊಡ್ಡ ಪಾಲನ್ನು ಅಲ್ಲಿನ ವಿಮಾನಯಾನ ಪ್ರಾಧಿಕಾರ ಈ ಸಂಘಗಳಿಗೇ ವಹಿಸಿದೆ.

ಅಮೆರಿಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಖಾಲಿ ತೂಕ ಸುಮಾರು 115 ಕೆ.ಜಿ.ಗಿಂತ ಕಡಿಮೆ ಇರುವ ಒಂದೇ ಆಸನದ ಅಲ್ಟ್ರಾಲೈಟ್‌ಗೆ ಅಲ್ಲಿ ಪೈಲಟ್ ಲೈಸೆನ್ಸ್ ಬೇಕಿಲ್ಲ. ಆದರೆ ಜನವಸತಿಯ ಮೇಲೆ ಹಾರುವಂತಿಲ್ಲ.

2022ರ ನೀತಿ ಏನು ಹೇಳುತ್ತದೆ?

ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ರಾಷ್ಟ್ರೀಯ ವಾಯು ಕ್ರೀಡಾ ನೀತಿ ಬಿಡುಗಡೆ ಮಾಡಿತು. 2030ರೊಳಗೆ ಭಾರತವನ್ನು ವಾಯು ಕ್ರೀಡೆಯ ಮುಂಚೂಣಿ ದೇಶಗಳ ಸಾಲಿಗೆ ಸೇರಿಸುವುದು ಇದರ ಗುರಿ. ಪ್ಯಾರಾಗ್ಲೈಡಿಂಗ್, ಬಲೂನ್, ಡ್ರೋನ್, ಮೈಕ್ರೋಲೈಟ್ ಸೇರಿ 11 ಬಗೆಯ ಕ್ರೀಡೆಗಳು ಇದರ ವ್ಯಾಪ್ತಿಗೆ ಬರುತ್ತವೆ.

ನೀತಿಯ ಪ್ರಕಾರ ಆಡಳಿತದ ರಚನೆ ಹೀಗಿದೆ:

• ಮೇಲೆ, ನಾಗರಿಕ ವಿಮಾನಯಾನ ಸಚಿವಾಲಯದ ಅಧೀನದ ಸ್ವಾಯತ್ತ ಸಂಸ್ಥೆಯಾಗಿ ಭಾರತೀಯ ವಾಯು ಕ್ರೀಡಾ ಒಕ್ಕೂಟ
• ಅದರ ಕೆಳಗೆ, ಆಯಾ ಕ್ರೀಡೆಗೆ ರಾಷ್ಟ್ರೀಯ ಸಂಘ
• ನಂತರ ಪ್ರಾದೇಶಿಕ ಮತ್ತು ರಾಜ್ಯ ಘಟಕಗಳು
• ಕೊನೆಗೆ ಜಿಲ್ಲಾ ಸಂಘಗಳು

ದಿನನಿತ್ಯದ ಚಟುವಟಿಕೆ, ಸುರಕ್ಷತಾ ಮಾನದಂಡ, ಸಲಕರಣೆ ಮತ್ತು ವ್ಯಕ್ತಿಗಳ ನೋಂದಣಿ ರಾಷ್ಟ್ರೀಯ ಸಂಘಗಳ ಹೊಣೆ. ಅವು ಒಕ್ಕೂಟಕ್ಕೆ ಉತ್ತರದಾಯಿ.

ಕಾಗದದ ಮೇಲೆ ಇದು ಅಚ್ಚುಕಟ್ಟಾಗಿದೆ. ಆದರೆ ಈ ಏಣಿಯಲ್ಲಿ ಹೊಣೆ ಮೇಲಿನವರಿಗೆ ಹೋಗುತ್ತದೆಯೇ ಹೊರತು ಕೆಳಗಿನ ಸದಸ್ಯರ ಕಡೆಗೆ ಅಷ್ಟಾಗಿ ಬರುವುದಿಲ್ಲ. ವಿಮಾನದಲ್ಲಿ ಸಣ್ಣ ದೋಷ ಕಂಡಾಗ ಅದನ್ನು ಮೊದಲು ಗಮನಿಸುವುದು ಪೈಲಟ್ ಮತ್ತು ಮೆಕ್ಯಾನಿಕ್. ಅವರು ಹೆದರದೆ ಹೇಳಲು, ಹೇಳಿದ್ದು ಉಳಿದ ಕ್ಲಬ್‌ಗಳಿಗೂ ತಲುಪಲು ಸಂಘ ಅವರದೇ ಆಗಿರಬೇಕು. ಚುನಾವಣೆ, ಲೆಕ್ಕಪತ್ರ, ಅಪಘಾತಗಳ ವರದಿ, ಈ ಮೂರು ನಿಯಮಿತವಾಗಿ ನಡೆದರೆ ಮಾತ್ರ ಸಂಘ ಜೀವಂತ. ಇಲ್ಲದಿದ್ದರೆ ಅದು ಬರೀ ಲೆಟರ್‌ಹೆಡ್.

ಆಸಕ್ತರು ಏನು ಮಾಡಬಹುದು?

ವಿದ್ಯಾರ್ಥಿಗಳಿಗೆ ಕಡಿಮೆ ಖರ್ಚಿನ ದಾರಿ ಎಂದರೆ ಎನ್‌ಸಿಸಿ ಏರ್ ವಿಂಗ್. ಸ್ಲೊವೇನಿಯಾದ ಪಿಪಿಸ್ಟ್ರೆಲ್ ಕಂಪನಿಯಿಂದ 194 ಪುಟ್ಟ ವಿಮಾನಗಳನ್ನು ಕೊಳ್ಳಲು 2015ರಲ್ಲಿ ಒಪ್ಪಂದವಾದಾಗ ಅದರಲ್ಲಿ 110 ಮೀಸಲಾಗಿದ್ದು ಎನ್‌ಸಿಸಿಗೆ. ಉಳಿದವರು ಡಿಜಿಸಿಎ ಮಾನ್ಯತೆ ಇರುವ ಫ್ಲೈಯಿಂಗ್ ಕ್ಲಬ್ ಅಥವಾ ತರಬೇತಿ ಶಾಲೆಯನ್ನೇ ಹುಡುಕುವುದು ಒಳಿತು.

ಜಾತ್ರೆ, ಉತ್ಸವ ಅಥವಾ ಪ್ರವಾಸಿ ತಾಣದಲ್ಲಿ ಯಾರಾದರೂ 'ಒಂದು ರೌಂಡ್' ಹಾರಿಸುತ್ತೇವೆ ಎಂದು ಕರೆದರೆ ದುಡ್ಡು ಕೊಡುವ ಮೊದಲು ಈ ನಾಲ್ಕು ಕೇಳಿ:

1. ಪೈಲಟ್ ಲೈಸೆನ್ಸ್ ಇದೆಯೇ, ಹಣ ಪಡೆದು ಹಾರಿಸಲು ಅದು ಒಪ್ಪುತ್ತದೆಯೇ?
2. ವಿಮಾನದ ಮೇಲೆ 'ವಿಟಿ'ಯಿಂದ ಶುರುವಾಗುವ ನೋಂದಣಿ ಗುರುತು ಇದೆಯೇ?
3. ಹಾರಾಟ ಯೋಗ್ಯತೆಯ ಪತ್ರದ ಅವಧಿ ಮುಗಿದಿಲ್ಲ ತಾನೇ?
4. ಪ್ರಯಾಣಿಕರಿಗೆ ವಿಮೆ ಇದೆಯೇ?

ಸರಿಯಾಗಿ ನಡೆಯುವ ಕ್ಲಬ್‌ನವರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ, ದಾಖಲೆಗಳನ್ನೇ ತೋರಿಸುತ್ತಾರೆ. ಉತ್ತರ ಕೊಡಲು ಹಿಂದೆಮುಂದೆ ನೋಡಿದರೆ ಆ ಹಾರಾಟಕ್ಕೆ ಹೋಗದಿರುವುದೇ ಒಳ್ಳೆಯದು.